ಒಂದರ ಮಾಲೆ: ಮಾನ್ಯಖೇಟದಿಂದ ನಾಲ್ಕು ಕೋಟಿ ಅಂಕಿಗಳವರೆಗೆ

ಕುಂದಾಪುರದಿಂದ ಹೆದ್ದಾರಿ ಹಿಡಿದು ಉಡುಪಿಯ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ ಸಿಗುವ ಊರು ಕೋಟೇಶ್ವರ. ಊರಿನ ಹೆಸರಿನಲ್ಲೇ ಒಂದು ಸಂಖ್ಯೆ ಇದೆ. ಕೋಟಿ ಋಷಿಗಳು ಇಲ್ಲಿ ತಪಸ್ಸು ಮಾಡಿದರೆಂದೂ ಶಿವನು ಅವರಿಗೆ ಕೋಟಿ ಲಿಂಗಗಳ ರೂಪದಲ್ಲಿ ದರ್ಶನವಿತ್ತನೆಂದೂ ಸ್ಥಳಪುರಾಣ ಹೇಳುತ್ತದೆ. ದೇವರು ಕೋಟಿಲಿಂಗೇಶ್ವರ, ದೇವಾಲಯದ ವಿಶಾಲವಾದ ಕೆರೆ ಕೋಟಿತೀರ್ಥ. ವೃಶ್ಚಿಕ ಮಾಸದ ಹುಣ್ಣಿಮೆಯಂದು ನಡೆಯುವ ಕೊಡಿ ಹಬ್ಬಕ್ಕೆ ಬಂದವರು ಈ ಕೆರೆಯ ಸುತ್ತ ಅಕ್ಕಿ ಹಾಕುತ್ತ ಸಾಗುತ್ತಾರೆ. ಅದಕ್ಕೆ ಸುತ್ತಕ್ಕಿ ಸೇವೆ ಎಂದು ಹೆಸರು. ಆ ಅಕ್ಕಿಕಾಳುಗಳನ್ನು ಯಾರೂ ಎಣಿಸುವುದಿಲ್ಲ. ಕೋಟಿ ಎಂಬ ಮಾತು ಇಲ್ಲಿ ಎಣಿಕೆಯನ್ನು ಹೇಳುವುದಿಲ್ಲ, ಎಣಿಕೆಗೆ ನಿಲುಕದ್ದು ಎಂಬ ಭಾವವನ್ನು ಹೇಳುತ್ತದೆ.

ಗಣಿತದಲ್ಲಿ ಮಾತ್ರ ಕೋಟಿಗೆ ಖಚಿತವಾದ ಬೆಲೆಯಿದೆ: ಒಂದರ ಮುಂದೆ ಏಳು ಸೊನ್ನೆ, ಒಟ್ಟು ಎಂಟೇ ಎಂಟು ಅಂಕಿ. ಹೀಗಿರುವಾಗ, ಅಂಕಿಗಳೇ ಕೋಟಿಗಟ್ಟಲೆ ಇರುವ ಸಂಖ್ಯೆಯನ್ನು ಊಹಿಸಿಕೊಳ್ಳುವುದು ಹೇಗೆ? 2024ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಎಂಬ ಎಂಜಿನಿಯರ್ ಅಂಥದೊಂದು ಸಂಖ್ಯೆಯನ್ನು ಕಂಡುಹಿಡಿದರು. ಅದರಲ್ಲಿರುವ ಅಂಕಿಗಳು 4,10,24,320. ಸೆಕೆಂಡಿಗೆ ಒಂದು ಅಂಕಿಯಂತೆ, ಊಟ ನಿದ್ದೆ ಬಿಟ್ಟು ಓದುತ್ತ ಕುಳಿತರೂ ಮುಗಿಯಲು ಸುಮಾರು 475 ದಿನ ಬೇಕು. ಅದು ಅವಿಭಾಜ್ಯ ಸಂಖ್ಯೆ. ಅಲ್ಲಿಯವರೆಗೆ ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದು.

ಇಷ್ಟು ದೊಡ್ಡ ಸಂಖ್ಯೆಯ ರೂಪ ಮಾತ್ರ ಬಹಳ ಸರಳ. ಗಣಕಯಂತ್ರಗಳು ಬಳಸುವ ಲಿಪಿಯಲ್ಲಿ ಬರೆದರೆ ಅದರಲ್ಲಿ ಒಂದು ಎಂಬ ಅಂಕಿಯನ್ನು ಬಿಟ್ಟು ಬೇರೇನೂ ಇಲ್ಲ. ಅದು ಒಂದುಗಳನ್ನೇ ಪೋಣಿಸಿದ ಉದ್ದನೆಯ ಮಾಲೆ. ಇಂಥ ಒಂದರ ಮಾಲೆಯನ್ನು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಪೋಣಿಸಿ ಸಂತೋಷಪಟ್ಟ ಗಣಿತಜ್ಞನೊಬ್ಬ ಕನ್ನಡ ನಾಡಿನಲ್ಲಿದ್ದ.

ರಾಜನ ಕೊರಳಿಗೆ ಅಂಕಿಯ ಹಾರ

ಆತ ಮಹಾವೀರಾಚಾರ್ಯ. ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಕಾಲದವನು. ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ ಅಂದು ಮಾನ್ಯಖೇಟವೆಂಬ ಹೆಸರಿನ ರಾಜಧಾನಿಯಾಗಿತ್ತು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ 'ಕವಿರಾಜಮಾರ್ಗ' ಹುಟ್ಟಿದ್ದು ಅದೇ ಆಸ್ಥಾನದಲ್ಲಿ. ಹೆಚ್ಚುಕಡಿಮೆ ಅದೇ ಸಮಯದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ. ಒಂಬತ್ತು ಅಧ್ಯಾಯಗಳ, 1,100ಕ್ಕೂ ಹೆಚ್ಚು ಶ್ಲೋಕಗಳ ಈ ಗ್ರಂಥದ ಆರಂಭದಲ್ಲಿ ನೃಪತುಂಗನ ಸ್ತುತಿಯಿದೆ. ಅದುವರೆಗಿನ ಗಣಿತ ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಂದೆರಡು ಅಧ್ಯಾಯಗಳಾಗಿ ಬರುತ್ತಿತ್ತು. ಇಲ್ಲಿ ಗ್ರಹಗತಿಯ ಗೊಡವೆಯಿಲ್ಲ. ಇಡೀ ಪುಸ್ತಕ ಗಣಿತಕ್ಕೇ ಮೀಸಲು.

ಸಂಖ್ಯಾಸ್ಥಾನಗಳ ಹೆಸರುಗಳನ್ನು ಮಹಾವೀರಾಚಾರ್ಯ ಏಕ, ದಶ, ಶತದಿಂದ ಆರಂಭಿಸಿ ಇಪ್ಪತ್ತನಾಲ್ಕನೆಯ ಸ್ಥಾನವಾದ ಮಹಾಕ್ಷೋಭದವರೆಗೆ ಕೊಡುತ್ತಾನೆ. ಕೋಟಿಗೆ ಅಲ್ಲಿ ಎಂಟನೆಯ ಸ್ಥಾನ. ಅನಂತರ ಗುಣಾಕಾರದ ಪಾಠ ಬರುತ್ತದೆ. ಒಣ ಲೆಕ್ಕಗಳಿಂದ ಶಿಷ್ಯರಿಗೆ ಬೇಸರವಾದೀತೆಂದೋ ಏನೋ, ಇಲ್ಲಿ ಆತ ಕೆಲವು ವಿಶೇಷ ಲೆಕ್ಕಗಳನ್ನಿಟ್ಟಿದ್ದಾನೆ. ಓದುಗರು ಪೆನ್ಸಿಲ್ ಹಿಡಿದು ತಾಳೆ ನೋಡಬಹುದು:

12345679 × 9 = 111111111
152207 × 73 = 11111111
142857143 × 7 = 1000000001
27994681 × 441 = 12345654321

ಉತ್ತರಗಳನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಉತ್ತರಗಳನ್ನು ಮಹಾವೀರಾಚಾರ್ಯ ಕಂಠಾಭರಣ, ಅಂದರೆ ರಾಜನ ಕೊರಳ ಹಾರ, ಎಂದು ಕರೆದ. ಹಾರಕ್ಕೆ ಎಡಬಲವೆಂಬುದಿಲ್ಲವಲ್ಲ! ಹೆಮ್ಮಾಡಿ ಸೇವಂತಿಗೆಯ ಮಾಲೆಯನ್ನು ಯಾವ ತುದಿಯಿಂದ ಹಿಡಿದರೂ ಅದು ಅದೇ ಮಾಲೆ.

ಈ ಗ್ರಂಥ ನಮ್ಮ ಕಾಲಕ್ಕೆ ಉಳಿದು ಬಂದುದರಲ್ಲಿ ಕರಾವಳಿಯ ಪಾಲೂ ಇದೆ. 1912ರಲ್ಲಿ ಮದರಾಸು ಸರ್ಕಾರ ಇದನ್ನು ಅಚ್ಚು ಹಾಕಿಸಿತು. ಸಂಪಾದಿಸಿ ಇಂಗ್ಲಿಷಿಗೆ ಅನುವಾದಿಸಿದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು. ಅವರು ಹೋಲಿಸಿ ನೋಡಿದ ಹಸ್ತಪ್ರತಿಗಳಲ್ಲಿ ಒಂದು, ಮೂಡುಬಿದಿರೆಯ ಜೈನ ಬಸದಿಯಲ್ಲಿದ್ದ ತಾಳೆಗರಿಯ ಗ್ರಂಥದಿಂದ ಕನ್ನಡ ಲಿಪಿಯಲ್ಲಿ ಇಳಿಸಿಕೊಂಡ ನಕಲು. ಅದರಲ್ಲಿ ಲೆಕ್ಕಗಳ ಸಾರವೂ ಉತ್ತರಗಳೂ ಕನ್ನಡದಲ್ಲಿದ್ದವು. ಎಂದರೆ, ಮಾನ್ಯಖೇಟದ ವೈಭವ ಮಣ್ಣುಗೂಡಿ ಶತಮಾನಗಳು ಕಳೆದ ಮೇಲೂ ಘಟ್ಟದ ಕೆಳಗೆ ಯಾರೋ ಈ ಲೆಕ್ಕಗಳನ್ನು ಕನ್ನಡದಲ್ಲಿ ಬಿಡಿಸಿಕೊಂಡು ಓದುತ್ತಿದ್ದರು. ಮೂಡುಬಿದಿರೆ, ಕೋಟೇಶ್ವರ ಎರಡೂ ಅಂದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಪದ್ಮಾವತಮ್ಮನವರ ಕನ್ನಡ ಅನುವಾದದೊಂದಿಗೆ ಇಡೀ ಗ್ರಂಥ 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು.

ಹೆಣೆಯುವುದು ಸುಲಭ, ಬಿಚ್ಚುವುದು ಕಷ್ಟ

ಮೇಲಿನ ಲೆಕ್ಕಗಳಲ್ಲಿ ಒಂದು ಕುತೂಹಲವಿದೆ. 152207ನ್ನು 73ರಿಂದ ಗುಣಿಸುವುದು ಶಾಲೆಯ ಹುಡುಗರಿಗೂ ಸಾಧ್ಯ. ಆದರೆ ಎಂಟು ಒಂದುಗಳ ಮಾಲೆಯನ್ನು ಎದುರಿಗಿಟ್ಟು, ಇದು ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ? 73ರಿಂದ ಅದು ನಿಶ್ಶೇಷವಾಗಿ ಭಾಗವಾಗುತ್ತದೆಂದು ಮಹಾವೀರಾಚಾರ್ಯನಿಗೆ ಮೊದಲೇ ಗೊತ್ತಿದ್ದಿರಬೇಕು. ಇಲ್ಲವಾದರೆ ಈ ಲೆಕ್ಕವನ್ನು ಕಟ್ಟಲಾಗದು. ಆದರೆ ಆತ ಶಿಷ್ಯರಿಗೆ ಕೊಟ್ಟಿದ್ದು ಹೆಣೆಯುವ ಪಾಠ. ಬಿಚ್ಚುವ ಪಾಠದಲ್ಲಿ ನಮಗೆ ಎದುರಾಗುವುದೇ ಅವಿಭಾಜ್ಯ ಸಂಖ್ಯೆಗಳು.

ಹನ್ನೆರಡು ತೆಂಗಿನಕಾಯಿಗಳನ್ನು ಮೂರು ಸಮಸಾಲುಗಳಲ್ಲಿ ಜೋಡಿಸಬಹುದು, ನಾಲ್ಕು ಸಾಲುಗಳಲ್ಲೂ ಜೋಡಿಸಬಹುದು. ಹದಿಮೂರನ್ನು ಹೇಗೆ ಜೋಡಿಸಹೋದರೂ ಒಂದೇ ಉದ್ದನೆಯ ಸಾಲಲ್ಲದೆ ಬೇರೆ ದಾರಿಯಿಲ್ಲ. ಹದಿಮೂರು ಅವಿಭಾಜ್ಯ. 2, 3, 5, 7, 11, 13, 17, 19 ಹೀಗೆ ಅವು ಸಾಗುತ್ತವೆ. ಉಳಿದ ಸಂಖ್ಯೆಗಳೆಲ್ಲ ಇವುಗಳ ಗುಣಲಬ್ಧಗಳು. ಮಹಾವೀರಾಚಾರ್ಯನ ಎಂಟರ ಮಾಲೆಯನ್ನು ಪೂರ್ತಿ ಬಿಚ್ಚಿದರೆ 11, 73, 101, 137 ಎಂಬ ನಾಲ್ಕು ಅವಿಭಾಜ್ಯ ಮಣಿಗಳು ಸಿಗುತ್ತವೆ. ಇವುಗಳಲ್ಲಿ 73ನ್ನು ಬದಿಗಿಟ್ಟು ಉಳಿದ ಮೂರನ್ನು ಗುಣಿಸಿದರೆ ಬರುವುದೇ 152207. ಹಾಗೆಯೇ 12345654321 ಎಂಬುದು ಆರು ಒಂದುಗಳ ಮಾಲೆಯ ವರ್ಗ. 111111ನ್ನು ಬಿಚ್ಚಿದರೆ 3, 7, 11, 13, 37.

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಅವಿಭಾಜ್ಯ ಸಂಖ್ಯೆಗಳ ಸಿದ್ಧಾಂತವೂ ಮಹಾವೀರಾಚಾರ್ಯನಲ್ಲಿತ್ತು ಎಂದು ಹೆಮ್ಮೆಪಡಲು ಆಧಾರವಿಲ್ಲ. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಕ್ರಿಸ್ತಪೂರ್ವ 300ರ ಸುಮಾರಿಗೆ ಸಾಧಿಸಿ ತೋರಿಸಿದವನು ಗ್ರೀಕರ ಯೂಕ್ಲಿಡ್. ಸಂಖ್ಯೆಯೊಂದರ ಅಪವರ್ತನಗಳನ್ನು ಹುಡುಕುವ ಕ್ರಮವನ್ನು ಭಾರತದಲ್ಲಿ ನಾರಾಯಣ ಪಂಡಿತ 'ಗಣಿತಕೌಮುದಿ'ಯಲ್ಲಿ ವಿವರಿಸಿದ್ದು 1356ರಲ್ಲಿ. ಮಹಾವೀರಾಚಾರ್ಯನ ಹಿರಿಮೆ ಬೇರೆ. ಭಿನ್ನರಾಶಿಗಳ ಲೆಕ್ಕಕ್ಕೆ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮವನ್ನು ನಮ್ಮಲ್ಲಿ ಮೊದಲು ಹೇಳಿದವನು ಆತ. ಸಂಖ್ಯೆಯ ಉಪಯೋಗವನ್ನಷ್ಟೇ ಅಲ್ಲ, ಅದರ ರೂಪವನ್ನೂ ನೋಡಬೇಕೆಂದು ಕಲಿಸಿದವನೂ ಆತ. ಆ ರೂಪದೊಳಗೆ ಎಷ್ಟು ದೊಡ್ಡ ಪ್ರಶ್ನೆಯಿತ್ತೆಂಬುದು ಲೋಕಕ್ಕೆ ತಿಳಿದದ್ದು ಬಹಳ ತಡವಾಗಿ.

ಅವಿಭಾಜ್ಯಗಳಿಗೂ ಒಂದರ ಮಾಲೆಗಳಿಗೂ ಇರುವ ನಂಟು ಆಶ್ಚರ್ಯಕರವಾದುದು. 2 ಮತ್ತು 5ನ್ನು ಬಿಟ್ಟು ಯಾವ ಅವಿಭಾಜ್ಯವನ್ನೇ ತೆಗೆದುಕೊಳ್ಳಿ. ಅದರಿಂದ ನಿಶ್ಶೇಷವಾಗಿ ಭಾಗವಾಗುವ ಒಂದರ ಮಾಲೆ ಇದ್ದೇ ಇರುತ್ತದೆ. ಮೂರಕ್ಕೆ ಮೂರು ಒಂದುಗಳು ಸಾಕು, ಏಳಕ್ಕೆ ಆರು ಬೇಕು, ಹದಿನೇಳಕ್ಕೆ ಹದಿನಾರು. ಡ್ಯುರಾಂಟ್ ಕಂಡ ನಾಲ್ಕು ಕೋಟಿ ಅಂಕಿಗಳ ಅವಿಭಾಜ್ಯವೂ ಎಲ್ಲೋ ಒಂದು ಬಲು ಉದ್ದದ ಮಾಲೆಯಲ್ಲಿ ಮಣಿಯಾಗಿ ಕುಳಿತಿರಲೇಬೇಕು.

ಹಾಗಾದರೆ ಬಿಚ್ಚಲು ಬಾರದ, ತಾನೇ ಅವಿಭಾಜ್ಯವಾದ ಮಾಲೆ ಇದೆಯೇ? 11 ಅಂಥದು. ಮುಂದಿನದು ಯಾವುದು? ಉದ್ದವೇ ಸಮಭಾಗವಾಗುವಂತಿದ್ದರೆ ಮಾಲೆಯೂ ಒಡೆಯುತ್ತದೆ. ಎಂಟು ಒಂದುಗಳಲ್ಲಿ 1111 ಎರಡು ಬಾರಿ ಬರುತ್ತದೆಯಾದ್ದರಿಂದ ಅದು 1111ರಿಂದ ಭಾಗವಾಗಲೇಬೇಕು. ಆದುದರಿಂದ ಉದ್ದವೂ ಅವಿಭಾಜ್ಯವಾಗಿರಬೇಕು. ಅಷ್ಟಿದ್ದರೂ ಸಾಲದು. 111 ಎಂದರೆ 3 × 37. 11111 ಎಂದರೆ 41 × 271. 1111111 ಎಂದರೆ 239 × 4649. ಹನ್ನೊಂದು, ಹದಿಮೂರು, ಹದಿನೇಳು ಒಂದುಗಳ ಮಾಲೆಗಳೂ ಒಡೆಯುತ್ತವೆ. ಹತ್ತೊಂಬತ್ತಕ್ಕೆ ಬಂದಾಗ ಮಾಲೆ ಒಡೆಯುವುದಿಲ್ಲ, ಇಪ್ಪತ್ತಮೂರಕ್ಕೂ ಒಡೆಯುವುದಿಲ್ಲ. ಇವೆರಡೂ ಅವಿಭಾಜ್ಯವೆಂದು ಸಿದ್ಧವಾದದ್ದು ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ. ಮುಂದಿನದು 317 ಒಂದುಗಳ ಮಾಲೆ. ಅದನ್ನು ಸಾಧಿಸಲು 1977 ಬರಬೇಕಾಯಿತು. 1031 ಒಂದುಗಳ ಮಾಲೆಯ ಸಾಧನೆ ಪ್ರಕಟವಾದದ್ದು 1986ರಲ್ಲಿ. ಆಮೇಲೆ ದೀರ್ಘ ಮೌನ. 49,081 ಒಂದುಗಳ ಮಾಲೆ 2022ರಲ್ಲಿ, 86,453 ಒಂದುಗಳದು 2023ರಲ್ಲಿ ಅವಿಭಾಜ್ಯವೆಂದು ಸಾಬೀತಾದವು. ಇಂಥವು ಇನ್ನೆಷ್ಟಿವೆ, ಇವುಗಳಿಗೆ ಕೊನೆಯುಂಟೇ ಎಂಬುದಕ್ಕೆ ಗಣಿತಲೋಕದಲ್ಲಿ ಇಂದಿಗೂ ಉತ್ತರವಿಲ್ಲ.

ಚದುರಂಗದ ಮನೆಗಳು

ಇನ್ನು ಗಣಕಯಂತ್ರದ ಲಿಪಿಗೆ ಬರೋಣ. ನಮ್ಮ ದಶಮಾನ ಪದ್ಧತಿಯಲ್ಲಿ ಸ್ಥಾನದಿಂದ ಸ್ಥಾನಕ್ಕೆ ಬೆಲೆ ಹತ್ತು ಪಟ್ಟಾದರೆ, ಗಣಕದ ದ್ವಿಮಾನ ಪದ್ಧತಿಯಲ್ಲಿ ಎರಡು ಪಟ್ಟಾಗುತ್ತದೆ. ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ದುಪ್ಪಟ್ಟು ಮಾಡುತ್ತ ಹೋಗುವ ಕಥೆಯನ್ನು ಕೇಳದವರಾರು? ಆ ಮನೆಗಳೇ ದ್ವಿಮಾನದ ಸ್ಥಾನಗಳು. ಮೊದಲ ಮೂರು ಮನೆಗಳ ಒಟ್ಟು ಕಾಳು 7. ಗಣಕದ ಲಿಪಿಯಲ್ಲಿ ಅದು 111. ಐದು ಮನೆಗಳ ಒಟ್ಟು 31, ಅದು 11111. ಎಷ್ಟು ಮನೆ ತುಂಬಿದರೆ ಅಷ್ಟು ಒಂದುಗಳ ಮಾಲೆ. ಮಹಾವೀರಾಚಾರ್ಯನ ಹಾರವೇ ಬೇರೆ ಲೋಹದಲ್ಲಿ ಎರಕವಾದಂತೆ!

ದಶಮಾನದಲ್ಲಿ ಒಡೆಯುವ ಐದು ಒಂದುಗಳ ಮಾಲೆ ದ್ವಿಮಾನದಲ್ಲಿ 31 ಆಗಿ ಅವಿಭಾಜ್ಯವಾಗುವುದನ್ನು ಗಮನಿಸಿ. ಈ ಬಗೆಯ ಸಂಖ್ಯೆಗಳಿಗೆ ಫ್ರಾನ್ಸಿನ ಪಾದ್ರಿ ಮರೆನ್ ಮರ್ಸೆನ್‌ನ ಹೆಸರಿದೆ. ಯಾವ ಯಾವ ಮನೆಗಳವರೆಗೆ ಹೋದರೆ ಅವಿಭಾಜ್ಯ ಸಿಗುತ್ತದೆಂದು ಆತ 1644ರಲ್ಲಿ ಒಂದು ಪಟ್ಟಿ ಮಾಡಿದ, ಅದರಲ್ಲಿ ತಪ್ಪುಗಳಿದ್ದವು. 31 ಮನೆಗಳ ಮೊತ್ತವಾದ 214,74,83,647 ಅವಿಭಾಜ್ಯವೆಂದು ಆಯ್ಲರ್ 1772ರಲ್ಲಿ ತೋರಿಸಿದ. 1876ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞ 127 ಒಂದುಗಳ ಮಾಲೆ, ನಮ್ಮ ಬರವಣಿಗೆಯಲ್ಲಿ 39 ಅಂಕಿಗಳದು, ಅವಿಭಾಜ್ಯವೆಂದು ಕೈಲೆಕ್ಕದಲ್ಲೇ ಸಾಧಿಸಿದ. ಭಾಗಾಕಾರ ಮಾಡಿ ನೋಡುವುದಾದರೆ ಒಂದು ಜನ್ಮ ಸಾಲದ ಕೆಲಸ ಅದು.

ಲ್ಯೂಕಾನ ಉಪಾಯವನ್ನು ಮುಂದೆ ಲೆಹ್ಮರ್ ಸರಳಗೊಳಿಸಿದರು. 31ನ್ನೇ ಪರೀಕ್ಷಿಸೋಣ. 4ರಿಂದ ಆರಂಭಿಸಿ. ಅದರ ವರ್ಗದಿಂದ 2 ಕಳೆದರೆ 14. 14ರ ವರ್ಗದಿಂದ 2 ಕಳೆದರೆ 194; ಅದನ್ನು 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗದಿಂದ 2 ಕಳೆದರೆ 62. 31ರಿಂದ ಭಾಗಿಸಿದರೆ ಶೇಷ ಸೊನ್ನೆ. ಮನೆಗಳು ಐದು, ಅದಕ್ಕಿಂತ ಎರಡು ಕಡಿಮೆ, ಅಂದರೆ ಮೂರು ಹೆಜ್ಜೆಗಳಲ್ಲಿ ಸೊನ್ನೆ ಬಂತು. ಆದ್ದರಿಂದ 31 ಅವಿಭಾಜ್ಯ. ಸೊನ್ನೆ ಬಾರದಿದ್ದರೆ ಅವಿಭಾಜ್ಯವಲ್ಲ. ಎಷ್ಟು ದೊಡ್ಡ ಮಾಲೆಗಾದರೂ ಇದೇ ಕ್ರಮ. ಹೆಜ್ಜೆಗಳು ಹೆಚ್ಚುತ್ತವೆ ಅಷ್ಟೆ.

ಈ ಪರೀಕ್ಷೆಯ ಸ್ವಾರಸ್ಯವೆಂದರೆ, ಸಂಖ್ಯೆ ಒಡೆಯುತ್ತದೆಂದು ಅದು ಹೇಳುತ್ತದೆ, ಎಲ್ಲಿ ಒಡೆಯುತ್ತದೆಂದು ಹೇಳುವುದಿಲ್ಲ. 67 ಒಂದುಗಳ ಮಾಲೆ ಅವಿಭಾಜ್ಯವಲ್ಲವೆಂದು ಲ್ಯೂಕಾ 1876ರಲ್ಲೇ ತಿಳಿಸಿದ್ದ. ಅದರ ಎರಡು ಮಣಿಗಳು, 193707721 ಮತ್ತು 761838257287, ಕೈಗೆ ಸಿಕ್ಕಿದ್ದು 1903ರಲ್ಲಿ, ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅವರಿಗೆ. ಗಣಿತಜ್ಞರ ಸಭೆಯಲ್ಲಿ ಅವರು ತುಟಿ ಬಿಚ್ಚದೆ ಕಪ್ಪು ಹಲಗೆಯ ಮೇಲೆ ಈ ಗುಣಾಕಾರ ಮಾಡಿ ತೋರಿಸಿ ಕುಳಿತರಂತೆ. ಇದಕ್ಕೆ ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರ ಸಾಹಸವನ್ನು ಹೋಲಿಸಿ ನೋಡಿ. 1980ರಲ್ಲಿ ಲಂಡನ್ನಿನಲ್ಲಿ ಅವರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿದರು. ಗುಣಿಸಿ ಹೆಣೆಯುವ ಕೆಲಸಕ್ಕೆ ಸೆಕೆಂಡುಗಳು ಸಾಕಾದವು. ಇಪ್ಪತ್ತೊಂದು ಅಂಕಿಗಳ ಒಂದು ಸಂಖ್ಯೆಯನ್ನು ಬಿಚ್ಚಲು ಇಪ್ಪತ್ತೇಳು ವರ್ಷ ಕಾಯಬೇಕಾಯಿತು.

1952ರಿಂದ ಈ ಹುಡುಕಾಟ ಗಣಕಯಂತ್ರಗಳ ಪಾಲಾಯಿತು. 1996ರಲ್ಲಿ ಆರಂಭವಾದ ಸಾಮೂಹಿಕ ಯೋಜನೆಯೊಂದರಲ್ಲಿ ಸಾವಿರಾರು ಹವ್ಯಾಸಿಗಳು ತಂತಮ್ಮ ಗಣಕಗಳ ಬಿಡುವಿನ ವೇಳೆಯನ್ನು ಇದಕ್ಕೆ ದಾನ ಮಾಡುತ್ತ ಬಂದರು. ಡ್ಯುರಾಂಟ್ ಆ ಯೋಜನೆಯಲ್ಲೇ ಹದಿನೇಳು ದೇಶಗಳಲ್ಲಿದ್ದ ಗಣಕಗಳನ್ನು ಹೂಡಿದರು. 2024ರ ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಯಂತ್ರವೊಂದು ಸುಳಿವು ಕೊಟ್ಟಿತು. ಮರುದಿನ ಅಮೆರಿಕದ ಯಂತ್ರ ಲ್ಯೂಕಾನ ಪರೀಕ್ಷೆಯಿಂದಲೇ ಅದನ್ನು ದೃಢಪಡಿಸಿತು. ಅದು 13,62,79,841 ಮನೆಗಳ ಚದುರಂಗ, ಅಷ್ಟೇ ಒಂದುಗಳ ಮಾಲೆ. ಪೂರ್ತಿ ಬರೆಯಲಾಗದ ಈ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ನಾವೂ ಹೇಳಬಹುದು. ದುಪ್ಪಟ್ಟು ಮಾಡುತ್ತ ಹೋದಾಗ ಕೊನೆಯ ಎರಡು ಅಂಕಿಗಳು ಇಪ್ಪತ್ತು ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. 21 ಬಾರಿ ದುಪ್ಪಟ್ಟಾದರೆ ಒಂದು ಎಂಬುದು 2097152 ಆಗುತ್ತದೆ, ಕೊನೆಯಲ್ಲಿ 52. 13,62,79,841ನ್ನು 20ರಿಂದ ಭಾಗಿಸಿದರೂ 21ನ್ನು ಭಾಗಿಸಿದರೂ ಶೇಷ ಒಂದೇ, ಆದುದರಿಂದ ಅಲ್ಲಿಯೂ 52. ಅದರಲ್ಲಿ ಒಂದು ಕಳೆದರೆ 51. ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯ ಬಾಲ ನಮ್ಮ ಕೈಗೆ ಸಿಕ್ಕಿತು!

ಇದೆಲ್ಲದರಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಆ ದೈತ್ಯ ಸಂಖ್ಯೆಯಿಂದ ನೇರವಾಗಿ ಏನೂ ಇಲ್ಲ. ಆದರೆ ಹೆಣೆಯುವುದು ಸುಲಭ, ಬಿಚ್ಚುವುದು ಕಷ್ಟ ಎಂಬ ಗುಣದಿಂದ ಪ್ರಯೋಜನವಿದೆ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಈ ಗುಣವನ್ನೇ ಬೀಗವಾಗಿ ಬಳಸುವ ಗುಪ್ತಲಿಪಿಯನ್ನು ರೂಪಿಸಿದರು. ನೂರಾರು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸಿ ಗುಣಲಬ್ಧವನ್ನು ಎಲ್ಲರಿಗೂ ತೋರಿಸಬಹುದು. ಮಣಿಗಳನ್ನು ಬಲ್ಲವನು ಮಾತ್ರ ಬೀಗ ತೆಗೆದಾನು. ಆಗ ಅವರು ಸವಾಲಾಗಿ ಒಡ್ಡಿದ 129 ಅಂಕಿಗಳ ಸಂಖ್ಯೆ ಒಡೆದದ್ದು 1994ರಲ್ಲಿ. ಇಂದು ಬ್ಯಾಂಕಿನ ವ್ಯವಹಾರಗಳು ದೂರದ ಗಣಕಗಳ ನಡುವೆ ಗುಟ್ಟಾಗಿ ಸಾಗುವುದರಲ್ಲಿ ದೊಡ್ಡ ಅವಿಭಾಜ್ಯಗಳ ಪಾತ್ರವಿದೆ. ಭಾರತೀಯರ ಕೊಡುಗೆಯೂ ಸಣ್ಣದಲ್ಲ. ಯಾವುದೇ ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಊಹೆಗೆ ಎಡೆಯಿಲ್ಲದಂತೆ, ಮಿತಕಾಲದಲ್ಲಿ ನಿರ್ಣಯಿಸುವ ಕ್ರಮವನ್ನು 2002ರಲ್ಲಿ ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕಂಡುಕೊಂಡರು. ಮಂಡ್ಯದಲ್ಲಿ ಹುಟ್ಟಿದ ಕೆ. ರಾಮಚಂದ್ರ (1933–2011) ಮುಂಬಯಿಯ ಟಾಟಾ ಸಂಸ್ಥೆಯಲ್ಲಿದ್ದು ಸಂಖ್ಯಾಸಿದ್ಧಾಂತಕ್ಕೆ ಜೀವನವನ್ನೇ ಮುಡಿಪಿಟ್ಟವರು. ದೊಡ್ಡ ಅವಿಭಾಜ್ಯ ಅಪವರ್ತನವುಳ್ಳ ಸಂಖ್ಯೆಗಳನ್ನು ಕುರಿತು 1969ರಲ್ಲೇ ಬರೆದರು.

ಮಹಾವೀರಾಚಾರ್ಯ ಬ್ಯಾಂಕಿನ ಬೀಗವನ್ನು ನೆನೆದು ಹಾರ ಪೋಣಿಸಲಿಲ್ಲ. ಅಂಕಿಗಳ ಚೆಲುವು ಆತನಿಗೆ ಸಾಕಾಗಿತ್ತು. ಅದನ್ನು ತಾಳೆಗರಿಗೆ ಇಳಿಸಿ ಬಸದಿಯಲ್ಲಿ ಕಾಪಾಡಿದವರಿಗೂ ಅದರ ಬೆಲೆ ಹಣದಲ್ಲಿ ತಿಳಿದಿರಲಿಲ್ಲ. ಉಪಯೋಗ ಕಾಣುವವರೆಗೆ ಯಾವುದನ್ನೂ ಕಲಿಯಲೊಲ್ಲೆ, ಉಳಿಸಲೊಲ್ಲೆ ಎನ್ನುವ ಕಾಲಕ್ಕೆ ಇದರಲ್ಲಿ ಪಾಠವಿದೆ. ಮನೆಯ ಮಕ್ಕಳಿಗೆ ಗಣಿತವೆಂದರೆ ಅಂಜಿಕೆಯಾಗಿದ್ದರೆ, ಈ ವಾರ ಹದಿಮೂರು ಒಂದುಗಳನ್ನು ಸಾಲಾಗಿ ಬರೆದು ಅವರ ಮುಂದಿಡಿ. ಅದನ್ನು ನಿಶ್ಶೇಷವಾಗಿ ಭಾಗಿಸುವ ಅತಿ ಚಿಕ್ಕ ಅವಿಭಾಜ್ಯ ನೂರರ ಒಳಗೇ ಇದೆ. ಹುಡುಕಿದರೆ ಅರ್ಧ ಗಂಟೆಯಲ್ಲಿ ಸಿಕ್ಕೀತು.